ಬೀದಿಯನ್ನು ಕೋಣೆಯೊಳಗೆ ತಂದ ಸಿನಿಮಾ: ನನ್ನ ಅನುಭವ

ಅಗೋರಾಫೋಬಿಯಾ ಎಂದರೆ ಬರೀ ಬಯಲಿನ ಭಯವಲ್ಲ. ತಟ್ಟನೆ ಹೊರಬರಲು ಆಗದ, ಏನಾದರೂ ಆದರೆ ನೆರವಿಗೆ ಯಾರೂ ಇಲ್ಲದ ಜಾಗದ ಭಯ. ಬಸ್ಸು, ಸಂತೆ, ಕ್ಯೂ, ಲಿಫ್ಟ್ ಎಲ್ಲವೂ ಅದರಲ್ಲಿ ಸೇರುತ್ತವೆ. ಹಾಗಾಗಿ ಈ ಭಯದೊಂದಿಗೇ ಮಾಡಿದ ನನ್ನ ಅತಿವಾಸ್ತವ (ಕನಸಿನಂತೆ ವಿಚಿತ್ರವಾದ) ಕಿರುಚಿತ್ರಕ್ಕೆ ಕಥೆಗಿಂತ ಮೊದಲು ಒಂದು ಪಟ್ಟಿ ಬರೆದುಕೊಂಡೆ. ಮನೆಯೊಳಗೆ ಏನೇನು ತೆಗೆಯಬಹುದು, ಹೊಸ್ತಿಲಲ್ಲಿ ಏನು, ಗೇಟಿನ ಹತ್ತಿರ ಏನು ಅಂತ. ಕಥೆ ಆ ಪಟ್ಟಿಯಿಂದ ಬಂತು. ಕಥೆ ಬರೆದಾದ ಮೇಲೆ ಲೊಕೇಶನ್‌ಗಳನ್ನು ಒಂದೊಂದಾಗಿ ಬಿಡುತ್ತ ಹೋದರೆ ಸಿನಿಮಾ ಸೊರಗಿದ್ದು ತೆರೆಯ ಮೇಲೆ ಕಾಣುತ್ತದೆ.

ಬೀದಿಯ ದೃಶ್ಯಗಳಿಗೆ ಕೋಣೆಯನ್ನೇ ಕ್ಯಾಮೆರಾ ಮಾಡಿಕೊಂಡೆ. ಕಿಟಕಿಗೆ ರಟ್ಟು, ಅದರ ಮೇಲೆ ಕಪ್ಪು ಕಾಗದ, ಅಂಚಿಗೆಲ್ಲ ಟೇಪು, ನಡುವೆ 6 ಸೆಂ.ಮೀ. ತೂತು. ತೂತಿಗೆ ಕನ್ನಡಕದ ಅಂಗಡಿಯಲ್ಲಿ ಸಿಗುವ, ಫ್ರೇಮಿಗೆ ಕತ್ತರಿಸದ ‘ಪ್ಲಸ್ 1’ ಪವರಿನ ಲೆನ್ಸ್. ಅದರ ಸಂಗಮ ದೂರ (ದೂರದಿಂದ ಬಂದ ಬೆಳಕು ಒಂದೆಡೆ ಕೂಡುವ ದೂರ) 1 ಮೀಟರ್. ದೂರದ ಮನೆ, ಮರಗಳೆಲ್ಲ 1 ಮೀಟರ್ ಹಿಂದೆ ಹಿಡಿದ ಬಿಳಿ ರಟ್ಟಿನ ಮೇಲೆ ಮೂಡುತ್ತವೆ. 10 ಮೀಟರ್ ಆಚೆ ಹೋಗುವ ತರಕಾರಿ ಗಾಡಿ ನಿಚ್ಚಳವಾಗಬೇಕಾದರೆ ರಟ್ಟನ್ನು ಇನ್ನೂ 11 ಸೆಂ.ಮೀ. ಹಿಂದಕ್ಕೆ ಸರಿಸಬೇಕು. ಗಾಡಿ ತಳ್ಳುವವನು ಗೇಣುದ್ದಕ್ಕೂ ಕಮ್ಮಿಯಾಗಿ, ಅಂಗಿಯ ಬಣ್ಣದ ಸಮೇತ, ತಲೆಕೆಳಗಾಗಿ ನಡೆದು ಹೋಗುತ್ತಾನೆ. ಅವನ ಕೂಗು ಮಾತ್ರ ಗೋಡೆಯ ಆಚೆಯಿಂದ ಕೇಳುತ್ತದೆ. ರಟ್ಟಿನ ಬದಲು ನಟಿಯ ಬಿಳಿ ಅಂಗಿಯ ಬೆನ್ನನ್ನು ಅಲ್ಲಿಟ್ಟರೆ ಇಡೀ ಬೀದಿ ಅವಳ ಬೆನ್ನ ಮೇಲೆ ಹರಿಯುತ್ತದೆ.

ತಪ್ಪುವುದು ಎಲ್ಲಿ ಅಂದರೆ, ತೂತು 2 ಸೆಂ.ಮೀ. ಇದ್ದರೆ ಚಿತ್ರ ಚೂಪಾಗುತ್ತದೆ, ಆದರೆ ಮೊಬೈಲಿನ ವಿಡಿಯೊಗೆ ಬೆಳಕು ಸಾಲುವುದಿಲ್ಲ. ಎದುರು ಮನೆಗಳ ಮೇಲೆ ಬಿಸಿಲಿರಬೇಕು, ಅಂದರೆ ಪೂರ್ವದ ಕಿಟಕಿಗೆ ಮಧ್ಯಾಹ್ನದ ನಂತರದ ಹೊತ್ತು. ಸೂರ್ಯ ಎದುರಿಗಿರುವಾಗ ಲೆನ್ಸ್ ಇಡಲೇಬಾರದು, ರಟ್ಟು ಸುಡುತ್ತದೆ, ಕಣ್ಣಿಗೂ ಅಪಾಯ. ಎಡಿಟಿಂಗ್‌ನಲ್ಲಿ ನೆಟ್ಟಗೆ ಮಾಡಬೇಕೆನಿಸಿದ ಶಾಟನ್ನು 180 ಡಿಗ್ರಿ ತಿರುಗಿಸಿದರೆ ಅಂಗಡಿ ಬೋರ್ಡಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗುತ್ತವೆ. ಮೇಲೆ-ಕೆಳಗೆ ಮಾತ್ರ ಫ್ಲಿಪ್ ಮಾಡಬೇಕು. ಟ್ಯೂಬ್‌ಲೈಟ್ ಉರಿಯುವ ಶಾಟ್‌ಗಳಿಗೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅದಕ್ಕೆ ಹೊಂದದ ಶಟರ್‌ಗೆ ಪಟ್ಟೆಗಳು ಬರಬಹುದು.

ಕತ್ತಲೆ ಮಾಡಿ ಮುಚ್ಚಿದ ಕೋಣೆಯೇ ಪ್ಯಾನಿಕ್‌ಗೆ, ಅಂದರೆ ದಿಢೀರನೆ ಎರಗುವ ತೀವ್ರ ಭಯಕ್ಕೆ, ದಾರಿ ಆಗಬಹುದು. ಸೆಕೆಗೆ ಏರುವ ಎದೆಬಡಿತವನ್ನೂ ಮನಸ್ಸು ಅಪಾಯ ಅಂತಲೇ ಓದುತ್ತದೆ. ಅದಕ್ಕೇ ಕಪ್ಪು ಕಾಗದದ ಒಂದು ಮೂಲೆಯನ್ನು ಎಳೆದರೆ ಕಿತ್ತು ಬರುವಂತೆ ಅಂಟಿಸಿದೆ. ಬಾಗಿಲಿಗೆ ಚಿಲಕವಿಲ್ಲ, ಸೆಟ್‌ನಲ್ಲಿ ಕಾಫಿ ಇಲ್ಲ. ಯಾರಾದರೂ ‘ಸಾಕು’ ಅಂದರೆ ಮೊದಲು ಲೈಟು, ಆಮೇಲೆ ಕ್ಯಾಮೆರಾ ಬಂದ್. ಸುತ್ತ ನಿಂತು ‘ಏನಾಯ್ತು’ ಅಂತ ಕೇಳುವಂತಿಲ್ಲ. ಪ್ಯಾನಿಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಪ್ರತಿ ಶಾಟ್‌ನ ನಂತರ 20 ನಿಮಿಷದ ಬಿಡುವನ್ನು ಶೆಡ್ಯೂಲಿನಲ್ಲೇ ಬರೆದಿಟ್ಟಿದ್ದೆ. ಬಿಡುವು ಮೊದಲೇ ಕಾಗದದ ಮೇಲಿದ್ದರೆ ಅದನ್ನು ಕೇಳಿ ಪಡೆಯುವ ಸಂಕೋಚ ಇರುವುದಿಲ್ಲ.

ನಿಜವಾದ ಪ್ಯಾನಿಕ್ ಅನ್ನು ಚಿತ್ರದಲ್ಲಿ ತೋರಿಸಲಿಲ್ಲ, ಯಾರೂ ತೋರಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲೋಕ ಗಾಜಿನಾಚೆ ಸರಿದಂತಾಗುವ ಆ ಅನುಭವವನ್ನು ಶಬ್ದದಿಂದ ಕಟ್ಟಿದೆ. 500 ಹರ್ಟ್ಸ್‌ಗಿಂತ ಮೇಲಿನ ಚೂಪು ಸ್ವರಗಳನ್ನು ಫಿಲ್ಟರ್‌ನಿಂದ ತೆಗೆದು, ಮಾತನ್ನು ತುಟಿಗಿಂತ 4 ಫ್ರೇಮ್, ಅಂದರೆ 160 ಮಿಲಿಸೆಕೆಂಡ್ ತಡಮಾಡಿದೆ. ಮಾತು ಕೇಳುತ್ತದೆ, ಆದರೆ ಯಾರದ್ದೋ ಅನ್ನಿಸುತ್ತದೆ. ಧ್ವನಿಮುದ್ರಣಕ್ಕೆ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಕೂತರೆ ಸಾಕು.

ಇಡೀ ಚಿತ್ರವನ್ನು ಒಳಗೇ ಮುಗಿಸಬಹುದಿತ್ತು, ಆದರೆ ಹೊರಗೆ ಹೋಗದೆ ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಹೊಸ್ತಿಲು, ಗೇಟು, ಬೀದಿಯ ತಿರುವು ಎಂಬ ಮೆಟ್ಟಿಲುಗಳನ್ನು ಚಿಕಿತ್ಸಕರ ಜೊತೆ ಕೂತು ಮಾಡಿದೆ. ಮನೆ ಬಿಡುವುದೇ ಕಷ್ಟವಿದ್ದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಒಂದೊಂದು ಮೆಟ್ಟಿಲಿಗೆ ಒಂದೇ ಶಾಟ್. ಭಯ ಏರಿದಾಗ ಓಡಿ ಬರದೆ, ಅದು ಇಳಿಯುವ ತನಕ ಅಲ್ಲೇ ನಿಲ್ಲಬೇಕು, ಕ್ಯಾಮೆರಾವೂ ಓಡುತ್ತಿರಬೇಕು. ಗೇಟಿನ ಶಾಟ್ 14 ನಿಮಿಷ ಬಂತು. ಚಿತ್ರದಲ್ಲಿ ಉಳಿಸಿಕೊಂಡಿದ್ದು ಕೊನೆಯ 40 ಸೆಕೆಂಡು, ಸರಳು ಹಿಡಿದಿದ್ದ ಬೆರಳುಗಳು ಸಡಿಲವಾದ ಭಾಗ.