ಶನಿವಾರದ ಚೀಟಿ: ಶಿಕ್ಷಕರಿಗೆ ಏನು ಬರೆಯಬೇಕು, ಕೋಲಿಲ್ಲದೆ ತರಗತಿ ಹೇಗೆ ನಡೆಸಬೇಕು

ಗದಗ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಮುಖ್ಯಶಿಕ್ಷಕಿ. ಊರಿನವರ ಬಾಯಲ್ಲಿ ‘ದೊಡ್ಡ ಅಕ್ಕೋರು’. ಶನಿವಾರ ನಮಗೆ ಬೆಳಗಿನ ಶಾಲೆ. ಮಕ್ಕಳು ಮನೆಗೆ ಹೋದ ಮೇಲೆ, ಗದಗಿನ ಬಸ್ಸು ಬರುವ ಮೊದಲು, ಅರ್ಧ ತಾಸು ಸಿಗುತ್ತದೆ. ಆ ಹೊತ್ತಿಗೆ ಶಿಕ್ಷಕರ ಕೈಗೆ ಒಂದು ಪುಟದ ಚೀಟಿ ಕೊಡುತ್ತೇನೆ. ಅದನ್ನು ಬರೆಯುವುದು ಹೇಗೆ ಅಂತ ಬೇರೆ ಶಾಲೆಯ ಮುಖ್ಯಶಿಕ್ಷಕರು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಮೊದಲ ಮಾತು: ಚೀಟಿ ಸುತ್ತೋಲೆ ಅಲ್ಲ. ಸುತ್ತೋಲೆಗಳು ಮೇಲಿನಿಂದ ಬೇಕಾದಷ್ಟು ಬರುತ್ತವೆ, ಅವಕ್ಕೆ ನಾವೂ ಒಂದು ಸೇರಿಸುವುದು ಬೇಡ. ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಏನು ತುಂಬಬೇಕು, ಯಾವ ಅಂಕಿಸಂಖ್ಯೆ ಯಾವಾಗ ಕೊಡಬೇಕು, ತರಬೇತಿಗೆ ಯಾರು ಹೋಗಬೇಕು, ಇವೆಲ್ಲ ವಾಟ್ಸಾಪ್ ಗುಂಪಿನಲ್ಲಿ ಇರಲಿ. ಚೀಟಿಯಲ್ಲಿ ಇರಬೇಕಾದ್ದು ಎರಡೇ. ಈ ವಾರ ನಾನು ನೋಡಿದ್ದು, ಮುಂದಿನ ವಾರ ನಾವೆಲ್ಲ ಸೇರಿ ಮಾಡುವ ಒಂದು ಕೆಲಸ.

‘ನೋಡಿದ್ದು’ ಬರೆಯುವುದೇ ಕಷ್ಟದ ಭಾಗ. ‘ಎಲ್ಲರೂ ಉತ್ತಮವಾಗಿ ಕೆಲಸ ಮಾಡಿದ್ದೀರಿ’ ಅಂತ ಬರೆದರೆ ಯಾರಿಗೂ ಏನೂ ಮುಟ್ಟುವುದಿಲ್ಲ. ಅದಕ್ಕೆ ಸಣ್ಣ ಡೈರಿ ಇಟ್ಟುಕೊಳ್ಳಿ. ದಿನಕ್ಕೆ ಒಂದು ಸಲ ವರಾಂಡದಲ್ಲಿ ಸುಮ್ನೆ ಓಡಾಡಿ. ತಪ್ಪು ಹುಡುಕಲು ಅಲ್ಲ. ಯಾರು ಏನು ಮಾಡಿದರು ಅಂತ ಒಂದು ಸಾಲು ಗೀಚಿಕೊಳ್ಳಿ. ‘ಐದನೇ ತರಗತಿಯ ಸರ್ ಭಾಗಾಕಾರ ಬಾರದ ಹುಡುಗಿಯ ಪಕ್ಕ ನೆಲದ ಮೇಲೆ ಕೂತು ಕಡ್ಡಿ ಎಣಿಸಿದರು’, ಇಷ್ಟು ಸಾಕು. ಓದಿದವರಿಗೆ ಮುಂದಿನ ವಾರ ತಾವೂ ಹಾಗೆ ಕೂರಬೇಕು ಅನ್ನಿಸುತ್ತದೆ. ಪ್ರತಿ ಶಿಕ್ಷಕರ ಹೆಸರೂ ಪ್ರತಿ ವಾರ ಬರಬೇಕಿಲ್ಲ. ಆದರೆ ತಿಂಗಳಲ್ಲಿ ಒಬ್ಬರ ಹೆಸರೂ ತಪ್ಪಬಾರದು. ಅಡುಗೆಯವರದ್ದೂ ಸೇರಿಸಿ ಹೇಳುತ್ತಿದ್ದೇನೆ.

ಮಕ್ಕಳ ಜೊತೆಯೂ ಇದೇ ರೀತಿ. ನಮ್ಮ ಕಡೆ ಮಾತೆತ್ತಿದರೆ ‘ಶಾಣ್ಯಾ ಹುಡುಗ’ ಅನ್ನುತ್ತೇವೆ. ಪಕ್ಕದಲ್ಲಿ ಕೂತವನಿಗೆ ಅದು ‘ನೀ ದಡ್ಡ’ ಅಂತ ಕೇಳಿಸುತ್ತದೆ. ಬದಲಿಗೆ ಮಾಡಿದ್ದನ್ನೇ ಹೇಳಿ: ‘ನಿನ್ನ ಪೆನ್ಸಿಲ್ ಅಕಿಗೆ ಕೊಟ್ಟಿ, ಅಕಿ ಲೆಕ್ಕ ಮುಗೀತು ನೋಡು.’ ಶಿಕ್ಷಕರನ್ನು ಬೈದು, ಮಕ್ಕಳಿಗೆ ಬೈಯಬೇಡಿ ಅಂತ ಆದೇಶ ಹೊರಡಿಸಿದರೆ ಯಾರು ಕೇಳುತ್ತಾರೆ?

ಇನ್ನು ವಾರದ ಒಂದು ಕೆಲಸ. ಒಂದೇ. ಎರಡು ಬರೆದರೆ ಎರಡೂ ಆಗುವುದಿಲ್ಲ. ಯಾವುದನ್ನು ಆರಿಸಬೇಕು? ಆ ವಾರ ಎಲ್ಲಿ ಜಾಸ್ತಿ ಜಗಳವಾಯಿತೋ ಅಲ್ಲಿಂದ.

ನಮ್ಮಲ್ಲಿ ಅದು ಬಿಸಿಯೂಟದ ಹೊತ್ತಿನ ನಳ. ತಾಟು ತೊಳೆಯಲು ಎಲ್ಲರೂ ಒಮ್ಮೆಲೆ ನುಗ್ಗುತ್ತಿದ್ದರು. ನೂಕಾಟ, ಅಂಗಿ ತೋಯ್ದಿದ್ದು, ‘ಅಕ್ಕೋರ, ಇಂವ ನನ್ನ ಬಡದ.’ ಪಾಳಿಗಿದ್ದ ಶಿಕ್ಷಕರು ದಿನಾ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಿದ್ದರು. ಚೀಟಿಯಲ್ಲಿ ಒಂದು ಪ್ರಶ್ನೆ ಹಾಕಿದೆ: ನಳ ನಾಲ್ಕು, ತರಗತಿ ಏಳು, ಎಲ್ಲರನ್ನೂ ಒಂದೇ ಗಂಟೆಗೆ ಎಬ್ಬಿಸುವವರು ಯಾರು? ನಾವೇ ಅಲ್ವಾ? ಸೋಮವಾರದಿಂದ ಒಂದನೇ, ಎರಡನೇ ತರಗತಿ ಮೊದಲು ಏಳುವುದು, ಅವರ ಹಿಂದೆ ಉಳಿದವರು. ಪ್ರತಿ ನಳಕ್ಕೆ ಆರನೇ, ಏಳನೇ ತರಗತಿಯ ಒಬ್ಬೊಬ್ಬರು. ಅವರು ಗದರಿಸುವ ಲೀಡರ್‌ಗಳಲ್ಲ, ಚಿಕ್ಕವರ ತಾಟು ಹಿಡಿದು ತೊಳೆಸುವವರು. ಅರ್ಧ ಜಗಳ ಅಲ್ಲೇ ಹೋಯಿತು. ಮಗುವಿನ ಮೇಲೆ ಶಿಸ್ತು ಹೇರುವ ಮೊದಲು ಗಂಟೆ, ಪಾಳಿ, ಜಾಗ ಸರಿ ಇವೆಯಾ ನೋಡಿ. ಅಷ್ಟಾದ ಮೇಲೂ ಉಳಿದದ್ದು ಮಾತ್ರ ಮಗುವಿನ ವಿಷಯ.

ಹತ್ತಿ ಬಿಡಿಸುವ ಕಾಲದ ಒಂದು ಚೀಟಿ ಮಾದರಿಗೆ:

‘ನೋಡಿದ್ದು: ಏಳನೇ ತರಗತಿಯವರು ಒಂದನೇ ತರಗತಿಯವರಿಗೆ ಮೊಟ್ಟೆ ಸುಲಿದುಕೊಟ್ಟರು, ಯಾರೂ ಹೇಳಿರಲಿಲ್ಲ. ನಲಿ-ಕಲಿ ಟೀಚರ್ ಗಲಾಟೆ ಆದಾಗ ದನಿ ಏರಿಸದೆ ಇಳಿಸಿದರು, ಮಕ್ಕಳು ಕೇಳಿಸಿಕೊಳ್ಳಲು ತಾವೇ ಸುಮ್ಮನಾದರು. ಅಡುಗೆಯವರು ತಡವಾಗಿ ಬಂದ ಇಬ್ಬರಿಗೆ ಸಾಂಬಾರ್ ಬಿಸಿ ಮಾಡಿ ಬಡಿಸಿದರು.
ಮುಂದಿನ ವಾರ: ಹೊಲಕ್ಕೆ ಹೋಗಿ ಶಾಲೆ ತಪ್ಪಿಸಿದ ಮಕ್ಕಳು ವಾಪಸ್ ಬರುತ್ತಾರೆ. ಮೊದಲ ಮಾತು “ಎಲ್ಲಿ ಹಾಳಾಗಿ ಹೋಗಿದ್ದಿ?” ಆಗದಿರಲಿ. “ಬಂದಿ, ಛಲೋ ಆತು, ಕೂಡು” ಅನ್ನೋಣ. ಯಾಕೆ ಬರಲಿಲ್ಲ ಅಂತ ಊಟದ ಬಿಡುವಿನಲ್ಲಿ ಕೇಳೋಣ. ಮನೆಗೆ ಹೋಗಿ ಮಾತಾಡುವುದು ನನ್ನ ಕೆಲಸ.
ನೆನಪಿಗೆ: 14ಕ್ಕೆ ಮಕ್ಕಳ ದಿನಾಚರಣೆ. ಭಾಷಣ ಕಡಿಮೆ, ಆಟ ಜಾಸ್ತಿ.’

ಹೀಗೆ ವಾಪಸ್ ಬಂದ ಮಗುವನ್ನು ಪಾಠಕ್ಕೆ ಸೇರಿಸಿಕೊಳ್ಳುವುದು ಒಂದರಿಂದ ಮೂರನೇ ತರಗತಿಯಲ್ಲಿ ಸುಲಭ. ಅಲ್ಲಿರುವುದು ನಲಿ-ಕಲಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಟುವಟಿಕೆಯಿಂದ ಕಲಿಸುವ ಪದ್ಧತಿ. ಅದರಲ್ಲಿ ಮಗು ಎಲ್ಲಿ ಬಿಟ್ಟಿತ್ತೋ ಆ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಕಷ್ಟ ಇರುವುದು ನಾಲ್ಕರಿಂದ ಮೇಲೆ. ಅಲ್ಲಿ ಪಾಠ ಮುಂದೆ ಓಡಿರುತ್ತದೆ, ವಾಪಸ್ ಬಂದವನು ಏನೂ ತಿಳಿಯದೆ ಗಲಾಟೆ ಶುರು ಮಾಡುತ್ತಾನೆ.

ಚೀಟಿಯಲ್ಲಿ ಮಗುವಿನ ಹೆಸರು ಹಾಕಿ ದೂರು ಬರೆಯಬೇಡಿ. ಫೋಟೊ ತೆಗೆದು ಯಾರೋ ಗುಂಪಿಗೆ ಹಾಕುತ್ತಾರೆ, ಸಂಜೆಯೊಳಗೆ ಅದು ಕಟ್ಟೆಯ ಮೇಲೆ ಕೂತವರ ಬಾಯಿಗೆ ಬರುತ್ತದೆ. ಶಿಕ್ಷಕರ ತಪ್ಪನ್ನೂ ಬರೆಯಬೇಡಿ, ಅದನ್ನು ಬಾಗಿಲು ಹಾಕಿಕೊಂಡು ಮಾತಾಡಿ.

ಹಾಗಾದರೆ ಇನ್ನೊಬ್ಬನನ್ನು ಬಡಿದವನಿಗೆ ಏನು ಮಾಡುವುದು? ಸಿಟ್ಟಿನಲ್ಲಿದ್ದಾಗ ವಿಚಾರಣೆ ಬೇಡ. ಪೆಟ್ಟು ತಿಂದವನನ್ನು ಮೊದಲು ನೋಡಿ. ಬಡಿದವನಿಗೆ ನೀರು ಕೊಟ್ಟು ನಿಮ್ಮ ಹತ್ತಿರ ಕೂರಿಸಿಕೊಳ್ಳಿ. ಆಮೇಲೆ, ಉಳಿದ ಮಕ್ಕಳ ಎದುರಿಗಲ್ಲ, ಎರಡು ಪ್ರಶ್ನೆ: ಏನಾಯಿತು, ಈಗ ಹೇಗೆ ಸರಿ ಮಾಡುತ್ತಿ? ನೋಟ್‌ಬುಕ್ ಹರಿದವನು ಅಂಟಿಸಿ ಕೊಡಲಿ. ನೀರು ಚೆಲ್ಲಿದವನು ಒರೆಸಲಿ. ಆದರೆ ನೀರು ಚೆಲ್ಲಿದ್ದಕ್ಕೆ ಮೈದಾನದ ಸುತ್ತ ಓಡಿಸಿದರೆ ಅದು ಸರಿಪಡಿಸುವುದಲ್ಲ, ಸೇಡು.

ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನೋವೈದ್ಯ ರುಡಾಲ್ಫ್ ಡ್ರೈಕರ್ಸ್ ಒಂದು ಒಳ್ಳೆಯ ಸುಳಿವು ಕೊಟ್ಟಿದ್ದಾರೆ. ಮಗು ಯಾಕೆ ಹೀಗೆ ಮಾಡುತ್ತಿದೆ ಅಂತ ತಿಳಿಯಬೇಕಾದರೆ ನಿಮಗೆ ಏನನ್ನಿಸುತ್ತಿದೆ ನೋಡಿಕೊಳ್ಳಿ. ಕಿರಿಕಿರಿ ಆದರೆ ಮಗುವಿಗೆ ನಿಮ್ಮ ಗಮನ ಬೇಕು. ‘ನನಗೇ ಸವಾಲಾ?’ ಅನ್ನಿಸಿದರೆ ಅದು ಅಧಿಕಾರದ ಹಗ್ಗಜಗ್ಗಾಟ. ಮನಸ್ಸಿಗೆ ನೋವಾದರೆ ಮಗು ತನ್ನ ನೋವನ್ನು ತೀರಿಸಿಕೊಳ್ಳುತ್ತಿದೆ. ‘ಇವನಿಂದ ಏನೂ ಆಗಲ್ಲ’ ಅನ್ನಿಸಿದರೆ ಮಗುವೂ ತನ್ನ ಬಗ್ಗೆ ಹಾಗೇ ಕೈಚೆಲ್ಲಿದೆ. ಗಮನ ಬೇಕಾದವನಿಗೆ ಹಾಜರಿ ಪುಸ್ತಕ ತರುವ ಕೆಲಸ ಕೊಡಿ. ಕೈಚೆಲ್ಲಿದವನಿಗೆ ಅವನಿಂದ ಆಗುವಷ್ಟು ಸಣ್ಣ ಲೆಕ್ಕ ಕೊಡಿ. ಇದೇ ಮದ್ದು ಎಲ್ಲರಿಗೂ ನಡೆಯುವುದಿಲ್ಲ, ನಾನೂ ಪೂರ್ತಿ ಒಪ್ಪುವುದಿಲ್ಲ. ಹಸಿದು ಬಂದ ಮಗುವಿಗೆ ಯಾವ ಮನಶ್ಶಾಸ್ತ್ರವೂ ಬೇಡ, ಮೊದಲು ಹಾಲು ಕೊಡಿ.

ಕಾನೂನಿನ ಮಾತು ಚಿಕ್ಕದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ನಮ್ಮ ಶಾಲೆಯ ಮಟ್ಟಿಗೆ ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ನಿಲ್ಲಿಸುವುದು, ಜಾತಿ ಹಿಡಿದು ಅಥವಾ ಅಡ್ಡಹೆಸರಿಟ್ಟು ಕರೆಯುವುದು, ಶೌಚಾಲಯ ತೊಳೆಸುವುದು ಎಲ್ಲವೂ ಆ ಲೆಕ್ಕಕ್ಕೇ ಬರುತ್ತವೆ. ಇದನ್ನು ಜೂನ್‌ನ ಮೊದಲ ಚೀಟಿಯಲ್ಲಿ ಬರೆದುಬಿಡಿ, ಪ್ರತಿ ವಾರ ಹೆದರಿಸಬೇಡಿ.

ಪಾಲಕರು ಮಾತ್ರ ಸುಲಭಕ್ಕೆ ಬಿಡುವುದಿಲ್ಲ. ‘ನಾಕ್ ಬಡೀರಿ ಅಕ್ಕೋರ, ಚರ್ಮ ನಿಮ್ದು, ಎಲುಬು ನಮ್ದು’ ಅನ್ನುತ್ತಾರೆ. ವಾದ ಮಾಡಬೇಡಿ. ‘ಮನ್ಯಾಗ ದಿನಾ ಬಡೀತೀರಲ್ಲ ಯಪ್ಪಾ, ಶಾಣ್ಯಾ ಆಗ್ಯಾನೇನು?’ ಅಂತ ನಗುತ್ತಾ ಕೇಳಿ. ನಕ್ಕರೆ ಚಹಾ ಕೊಟ್ಟು ಒಂದೇ ಕೆಲಸ ಹೇಳಿ ಕಳಿಸಿ: ರಾತ್ರಿ ಮಗ ಓದುವಾಗ ಹತ್ತು ನಿಮಿಷ ಪಕ್ಕದಲ್ಲಿ ಕೂರುವುದು, ಟಿವಿ ಬಂದ್ ಮಾಡಿ. ಎಸ್‌ಡಿಎಂಸಿ, ಅಂದರೆ ಪಾಲಕರಿರುವ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲೂ ಇದನ್ನೇ ಹೇಳಿ, ಅಲ್ಲಿ ಒಬ್ಬ ಅಪ್ಪ ಒಪ್ಪಿದರೆ ಉಳಿದವರಿಗೆ ಅವನೇ ಹೇಳುತ್ತಾನೆ.

ಶುರುವಿನಲ್ಲಿ ಶಿಕ್ಷಕರು ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ಓಡುತ್ತಾರೆ. ಓಡಲಿ. ಕೊನೆಯಲ್ಲಿ ಎರಡು ಸಾಲು ಖಾಲಿ ಬಿಡಿ, ‘ನೀವು ನೋಡಿದ್ದು’ ಅಂತ ಮೇಲೆ ಬರೆದಿರಿ, ಸೋಮವಾರ ಪ್ರಾರ್ಥನೆಗೆ ಮೊದಲು ತುಂಬಿ ಕೊಡಲು ಹೇಳಿ. ಯಾರಾದರೂ ಒಬ್ಬರು ಬರೆದೇ ಬರೆಯುತ್ತಾರೆ. ಆ ಸಾಲನ್ನು ಮುಂದಿನ ಶನಿವಾರದ ಚೀಟಿಯಲ್ಲಿ ಅವರ ಹೆಸರಿನ ಸಮೇತ ಮೊದಲಿಗೆ ಹಾಕಿ.