‘ಒಂಬತ್ತನೇ ಬೆಡ್ಡಲ್ಲಿ ಒಳ್ಳೆ ಸ್ಪ್ಲೀನ್ ಇದೆ’

ಬೆಳಿಗ್ಗೆ ಕ್ಲಿನಿಕ್ಸ್, ಅಂದರೆ ವಾರ್ಡಿನಲ್ಲಿ ರೋಗಿಯ ಪಕ್ಕದಲ್ಲೇ ನಡೆಯುವ ಪಾಠ, ಶುರುವಾಗುವ ಮೊದಲೇ ನಮ್ಮ ಮೆಡಿಕಲ್ ಹುಡುಗರಲ್ಲಿ ಈ ಸುದ್ದಿ ಹರಡಿರುತ್ತದೆ. ಮುಟ್ಟಿದರೆ ಕೈಗೆ ಸಿಗುವಷ್ಟು ಊದಿದ ಗುಲ್ಮ ಇರುವ ರೋಗಿ ಬಂದಿದ್ದಾರೆ ಎಂದರ್ಥ. ಓದುವಾಗ ನಾನೂ ಹೀಗೇ ಮಾತಾಡಿದವನು, ಬೈಯಲು ಬಾಯಿ ಬರುವುದಿಲ್ಲ. ಆದರೆ ಒಂದು ದಿನ, ಹನ್ನೊಂದನೆಯ ಹುಡುಗ ಹತ್ತಿರ ಬರುತ್ತಿದ್ದಂತೆ ಆ ಬೆಡ್ಡಿನ ಅಜ್ಜಿ ತಾವಾಗಿಯೇ ಸೆರಗು ಸರಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅವನು ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಹೊಟ್ಟೆ ಮುಟ್ಟಿದ, ನಾವು ಹೇಳಿಕೊಟ್ಟಿದ್ದೆವಲ್ಲ. ಹೆಸರು ಮಾತ್ರ ಕೇಳಲಿಲ್ಲ.

ಹುಡುಗರೇನೂ ಕಲ್ಲೆದೆಯವರಲ್ಲ. ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜಿನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ವಿದ್ಯಾರ್ಥಿಗಳ ಸಹಾನುಭೂತಿ ಕುಸಿದದ್ದು ಮೂರನೇ ವರ್ಷದಲ್ಲಿ, ಅಂದರೆ ಅಲ್ಲಿ ವಾರ್ಡಿಗೆ ಇಳಿಯುವ ವರ್ಷದಲ್ಲಿ. ನಮ್ಮಲ್ಲಿ 2019ರ ಹೊಸ ಪಠ್ಯಕ್ರಮದೊಂದಿಗೆ ‘ಎಟ್‌ಕಾಮ್’ ಬಂತು, ಅಂದರೆ ಮನೋಭಾವ, ನೀತಿ, ಸಂವಹನ ಕಲಿಸುವ ಪಾಠಗಳು. ಕ್ಲಾಸಿನಲ್ಲಿ ರೋಲ್ ಪ್ಲೇ ಚೆನ್ನಾಗಿಯೇ ಮಾಡುತ್ತಾರೆ. ಮರುದಿನ ವಾರ್ಡಿನಲ್ಲಿ ಮತ್ತೆ ಸ್ಪ್ಲೀನ್.

ಹಾಗಾಗಿ ನನ್ನ ಯೂನಿಟ್ಟಿನ ಪೋಸ್ಟಿಂಗನ್ನೇ ಬದಲಿಸಿದೆ. ಅಡ್ಮಿಷನ್ ದಿನ ಒಬ್ಬ ವಿದ್ಯಾರ್ಥಿಗೆ ಒಬ್ಬ ರೋಗಿ, ಡಿಸ್ಚಾರ್ಜ್ ಆಗುವ ತನಕ. ಸ್ಕ್ಯಾನಿಂಗಿಗೂ ಔಷಧಿ ಕೌಂಟರಿನ ಸಾಲಿಗೂ ಜೊತೆಗೇ ಹೋಗಬೇಕು. ಬೇರೆ ವಿದ್ಯಾರ್ಥಿಗಳು ಪರೀಕ್ಷಿಸುವುದಾದರೆ ದಿನಕ್ಕೆ ಮೂವರು, ಅದೂ ರೋಗಿ ಒಪ್ಪಿದರೆ.

ಎರಡನೇ ವಾರ ರೌಂಡ್ಸಿನಲ್ಲಿ ಒಬ್ಬ ಹುಡುಗಿ ಕೇಸ್ ಹೇಳುತ್ತಾ ನಡುವೆ ನಿಲ್ಲಿಸಿದಳು. ‘ಸರ್, ಇವರ ಸ್ಕ್ಯಾನ್ ಎರಡು ಸಲ ಮುಂದಕ್ಕೆ ಹೋಯ್ತು. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ. ಮೊದಲು ತಿಂಡಿ ಕೊಡಿಸೋಣವಾ?’ ಕೇಸ್ ಶೀಟಿನಲ್ಲಿ ‘ಎನ್‌ಪಿಒ’, ಅಂದರೆ ಬಾಯಿಗೆ ಏನೂ ಕೊಡಬಾರದು, ಎಂದು ಬರೆದವರು ನಾವೇ. ಹೊಡೆದುಹಾಕಲು ಯಾರಿಗೂ ನೆನಪಿರಲಿಲ್ಲ.

ತಕರಾರೂ ಬಂತು: ‘ಒಂದೇ ರೋಗಿ ಹಿಂದೆ ತಿರುಗಿದ್ರೆ ಪರೀಕ್ಷೆಗೆ ಮರ್ಮರ್ ಕೇಳೋದು ಯಾವಾಗ ಸರ್?’ ಮರ್ಮರ್ ಅಂದರೆ ಹೃದಯದ ಬಡಿತದ ನಡುವೆ ಕೇಳುವ ಹೆಚ್ಚಿನ ಸದ್ದು. ನ್ಯಾಯವಾದ ಪ್ರಶ್ನೆ. ಶನಿವಾರ ಬೇರೆ ಯೂನಿಟ್ಟುಗಳಿಗೆ ಕಳಿಸತೊಡಗಿದೆ, ಪೂರ್ತಿ ಸಾಲದು.

ನಾನು ಯೋಚಿಸದೇ ಬಿಟ್ಟದ್ದು ಸಾವನ್ನು. ಒಬ್ಬಳು ಬೆಳಿಗ್ಗೆ ಬಂದಾಗ ಅವಳ ರೋಗಿಯ ಬೆಡ್ಡಿಗೆ ಹೊಸ ಬೆಡ್‌ಶೀಟ್ ಹಾಸಿ ಆಗಿತ್ತು. ಅವಳಿಗೆ ಹೇಳಿದ್ದು ವಾರ್ಡಿನ ಆಯಾ. ಅವತ್ತಿನಿಂದ, ರೋಗಿ ತೀರಿಕೊಂಡರೆ ಎಷ್ಟು ಹೊತ್ತಾದರೂ ಡ್ಯೂಟಿಯಲ್ಲಿರುವ ಪಿಜಿ ಡಾಕ್ಟರು ಆ ರೋಗಿಯ ವಿದ್ಯಾರ್ಥಿಗೆ ಫೋನ್ ಮಾಡಬೇಕೆಂದು ಹೇಳಿದ್ದೇನೆ. ಬರಲೇಬೇಕೆಂದಿಲ್ಲ. ಕಳೆದ ತಿಂಗಳು ರಾತ್ರಿ ಎರಡಕ್ಕೆ ಹೋದ ಫೋನಿಗೆ ಒಬ್ಬ ಹುಡುಗ ಹಾಸ್ಟೆಲಿನಿಂದ ಚಪ್ಪಲಿಯಲ್ಲೇ ಬಂದನಂತೆ. ತೀರಿಕೊಂಡವರ ಮಗನ ಪಕ್ಕ ನಿಂತು, ಯಾವ ಕಾಗದದಲ್ಲಿ ಎಲ್ಲಿ ಸಹಿ ಹಾಕಬೇಕೆಂದು ಒಂದೊಂದಾಗಿ ತೋರಿಸಿಕೊಟ್ಟನಂತೆ.