ಕೆಸರುಗಿವಿ: ಇಲ್ಲದ ವಿಜ್ಞಾನ ಕಟ್ಟಿದ ಕತೆ

ನನ್ನ ಕತೆಯಲ್ಲಿ, ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಕೆಸರು ಮಾತನ್ನು ಹಿಡಿದಿಟ್ಟುಕೊಳ್ಳುತ್ತದೆ. ಭರತದ ಹೊತ್ತಿಗೆ, ಅಂದರೆ ಕಡಲ ನೀರು ಏರಿದಾಗ, ದಡದಲ್ಲಿ ಆಡಿದ ಮಾತು, ನೀರು ಇಳಿದ ಮೇಲೆ ಕಿವಿಗೊಟ್ಟವರಿಗೆ ಕೇಳುತ್ತದೆ. ಈ ಒಂದು ಸುಳ್ಳನ್ನು ನಂಬುವಂತೆ ಮಾಡಲು ನನಗೆ ಎರಡು ವರ್ಷ ಹಿಡಿಯಿತು.

ಮೊದಲ ಸಲ ಅದಕ್ಕೆ ‘ಪಂಕಧ್ವನಿ ವಿಜ್ಞಾನ’ ಅಂತ ಹೆಸರಿಟ್ಟಿದ್ದೆ. ಕ್ವಾಂಟಂ, ಕಂಪನ ಅಂತೆಲ್ಲ ಸೇರಿಸಿ ಎರಡು ಪುಟ ಥಿಯರಿ ಬೇರೆ. ಒಂದು ಪತ್ರಿಕೆಗೆ ಕಳಿಸಿದೆ, ವಾಪಸ್ ಬಂತು. ತಿರುಗಿ ಓದಿದರೆ ನನಗೇ ಆಕಳಿಕೆ.

ಕುಮಟಾ ಕಡೆ ಇರುವ ನಮ್ಮ ದೊಡ್ಡಪ್ಪನಿಗೆ ಓದಿ ಹೇಳಿದೆ. ಗಜನಿಯಲ್ಲಿ, ಅಂದರೆ ಅಳಿವೆ ಅಂಚಿನ ಉಪ್ಪುನೀರಿನ ಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆದವರು, ಈಗಲೂ ನೀರಿನ ಇಳಿತ ನೋಡಿ ಬಳಚು ಅನ್ನುವ ಚಿಪ್ಪಿ ಹೆಕ್ಕಲು ಹೋಗುತ್ತಾರೆ. ಥಿಯರಿ ಓದುವಾಗ ಅವರು ಎಲೆಗೆ ಸುಣ್ಣ ಹಚ್ಚುತ್ತಾ ಸುಮ್ನೆ ಕೂತಿದ್ದರು. ಕಡೆಗೆ ಒಂದೇ ಪ್ರಶ್ನೆ: “ಎಲ್ಲ ಸಮ ತಮಾ, ಮಳೆಗಾಲದಲ್ಲಿ ಎಂತ ಮಾಡ್ತಾರೆ ಇವ್ರು? ನೀರು ಸಪ್ಪೆ ಆಗ್ತದಲ್ಲ?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಮಳೆಗೆ ಹೊಳೆ ತುಂಬಿ ಬಂದರೆ ಅಳಿವೆಯ ಉಪ್ಪು ತೊಳೆದು ಹೋಗುತ್ತದೆ. ಗಜನಿಯಲ್ಲಿ ಭತ್ತ ಬೆಳೆಯಲು ಸಾಧ್ಯ ಆಗುವುದೇ ಅದರಿಂದ. ಹಾಗಾದರೆ ಉಪ್ಪು ಇದ್ದರೆ ಮಾತ್ರ ಕೆಸರಿಗೆ ನೆನಪು ಅಂತ ಇಟ್ಟುಕೊಂಡೆ. ಜೂನ್ ಬಂತೆಂದರೆ ಇಡೀ ವಿಜ್ಞಾನ ಮೂಕ. ಆ ನಾಲ್ಕು ತಿಂಗಳು ನನ್ನ ಪಾತ್ರಗಳು ಸಲಕರಣೆ ರಿಪೇರಿ ಮಾಡುತ್ತಾರೆ, ಹಳೆಯ ದಾಖಲೆಗಳ ಮೇಲೆ ಜಗಳ ಆಡುತ್ತಾರೆ. ಎರಡು ಪುಟದ ಥಿಯರಿಗೆ ಬರದ ಜೀವ ಇದಕ್ಕೆ ಬಂತು.

ಆಮೇಲೆ ಲೆಕ್ಕ. ವಿಜ್ಞಾನ ಕತೆಗಾರ ಐಸಾಕ್ ಅಸಿಮೋವ್ 1948ರಲ್ಲಿ ಸಂಶೋಧನಾ ಲೇಖನದ ಧಾಟಿಯಲ್ಲೇ ಒಂದು ತಮಾಷೆ ಬರೆದಿದ್ದರು. ಅದರಲ್ಲಿ ಥಿಯೋಟಿಮೋಲಿನ್ ಎಂಬ ವಸ್ತು, ನೀರು ಹಾಕುವುದಕ್ಕೆ 1.12 ಸೆಕೆಂಡ್ ಮೊದಲೇ ಕರಗುತ್ತದೆ. ‘ಸ್ವಲ್ಪ ಮೊದಲು’ ಅಂದಿದ್ದರೆ ನಕ್ಕು ಮುಂದೆ ಹೋಗುತ್ತಿದ್ದೆವು. ಆ 1.12 ಇದೆಯಲ್ಲ, ಅದು ಒಂದು ಗಳಿಗೆ ಅನುಮಾನ ಹುಟ್ಟಿಸುತ್ತದೆ, ಅಲ್ವಾ?

ನನ್ನ ಅಂಕಿ ದೊಡ್ಡಪ್ಪನಿಂದಲೇ ಸಿಕ್ಕಿತು. ಅವರು ತಿಥಿ ಎಣಿಸಿ ಭರತ ಇಳಿತದ ಹೊತ್ತು ಹೇಳುತ್ತಾರೆ, ತಿಥಿಗೆ ಎರಡು ಗಳಿಗೆ ತಡ ಅಂತ. ಅಂದರೆ 48 ನಿಮಿಷ. ದಿನಕ್ಕೆ ಸುಮಾರು 50 ನಿಮಿಷ ಅನ್ನುವ ಪುಸ್ತಕದ ಲೆಕ್ಕಕ್ಕೆ ಎರಡೇ ನಿಮಿಷ ಕಡಿಮೆ. ಒಂದು ಇಳಿತದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ಪ್ರತಿ ಇಳಿತಕ್ಕೆ ಕೆಸರಿನ ಮಾತು ಅರ್ಧ ಆಗುತ್ತದೆ ಅಂತ ನಿಯಮ ಹಾಕಿದೆ. ಏಳು ಇಳಿತ ಕಳೆದರೆ ನೂರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ, ಅಂದರೆ ಸುಮಾರು ಮೂರೂವರೆ ದಿನ. ಕತೆಯಲ್ಲಿ ಕೊಲೆ ಆಗುವುದು ಮೇ ಕೊನೆಗೆ. ಸಾಕ್ಷಿ ಕೇಳಲು ಮೂರೂವರೆ ದಿನ, ಅಷ್ಟರಲ್ಲಿ ಕಡಲ ಮೇಲೆ ಮೋಡ ಕಟ್ಟುತ್ತಿದೆ. ಕತೆಯ ಓಟಕ್ಕೆ ನಾನು ಬೇರೇನೂ ಮಾಡಬೇಕಾಗಲಿಲ್ಲ.

ಸಲಕರಣೆ ತೀರಾ ಸಾದಾ. ಅಡಿಕೆ ದಬ್ಬೆಯ ತುದಿಗೆ ಒಂದು ಗರಟೆ. ದಬ್ಬೆಯನ್ನು ಮೊಣಕಾಲುದ್ದ ಕೆಸರಿಗೆ ಊರಿ ಗರಟೆಗೆ ಕಿವಿ ಇಡುವುದು. ಬರೆಯುವ ಮೊದಲು ನಾನೇ ಒಂದು ಮಾಡಿ ಅಳಿವೆಗೆ ಒಯ್ದೆ. ಗುಳುಗುಳು ಶಬ್ದ ಬಿಟ್ಟು ಏನೂ ಕೇಳಲಿಲ್ಲ. ಆದರೆ ಎದ್ದಾಗ ಕಿವಿಯ ಸುತ್ತ ಗುಂಡಗೆ ಕೆಸರಿನ ಗುರುತು ಉಳಿದಿತ್ತು. ಕತೆಯಲ್ಲಿ ಈ ಕಸುಬಿನವರನ್ನು ಪೇಟೆಯಲ್ಲಿ ಗುರುತು ಹಿಡಿಯುವುದೇ ಅದರಿಂದ. ಅವರ ವಿದ್ಯೆಗೆ ಜನ ಇಟ್ಟ ಹೆಸರು ಕೆಸರುಗಿವಿ. ‘ಪಂಕಧ್ವನಿ’ ಈಗ ಕತೆಯೊಳಗಿನ ಅವರ ಕಚೇರಿಯ ಬೋರ್ಡಿನ ಮೇಲೆ ಮಾತ್ರ ಇದೆ.

ದೊಡ್ಡಪ್ಪನಿಗೆ ಹೊಸ ಕರಡು ಜಾಸ್ತಿ ಹಿಡಿಸಿತು. ತಕರಾರು ಮಾತ್ರ ಮುಗಿದಿಲ್ಲ: ಮಳೆಗಾಲದಲ್ಲಿ ಸುಮ್ನೆ ಕೂತವರಿಗೆ ಸಂಬಳ ಯಾರು ಕೊಡ್ತಾರೆ? ಸದ್ಯ ಆ ಅಧ್ಯಾಯ ಬರೆಯುತ್ತಿದ್ದೇನೆ.